ಮದಲೆಮ್ಮ ಮಗಳನ್ನು ವಾಪಸು ಕೇಳಲು ಹೋದದ್ದು

ಕನಕಪುರದಿಂದ ಸಂಗಮದ ಕಡೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ಒಂದಷ್ಟು ನಡೆದರೆ ಅಂತೋಣಿದೊಡ್ಡಿ. ಅಲ್ಲಿರುವವರೆಲ್ಲ ತಲೆತಲಾಂತರದಿಂದ ಕ್ರೈಸ್ತರು. ರಾಗಿ ಬೆಳೆಯುತ್ತಾರೆ, ರೇಷ್ಮೆಹುಳು ಸಾಕುತ್ತಾರೆ, ಭಾನುವಾರ ಚರ್ಚಿಗೆ, ಅವರ ಮಾತಿನಲ್ಲಿ ಗುಡಿಗೆ, ಪೂಜೆಗೆ ಹೋಗುತ್ತಾರೆ. ಆ ಊರಿನ ಮದಲೆಮ್ಮನಿಗೆ ಸುತ್ತಮುತ್ತ ಇದ್ದ ಹೆಸರು ‘ಆಫ್ರಿಕಾ ಸಿಸ್ಟರಮ್ಮನ ತಾಯಿ’. ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೋದಾಗ, ಗೂಡು ಕೊಂಡು ನೂಲು ತೆಗೆಸುವ ರೀಲರ್ ಸನಾವುಲ್ಲಾ ಕೂಡ “ಬರ್ರಿ ಸಿಸ್ಟರಮ್ಮನ ಅಮ್ಮಾ” ಎಂದು ಮರ್ಯಾದೆಯಿಂದ ಮಾತಾಡಿಸುತ್ತಿದ್ದ. ಬಹಳ ವರ್ಷ ಆ ಹೆಸರು ಅವಳ ಕಿವಿಗೆ ಹಿತವಾಗಿತ್ತು.

ಆ ಹೆಸರಿನ ಮೂಲ ಅರವತ್ತರ ದಶಕದ ಮೊದಲಿನದು. ಮದಲೆಮ್ಮನಿಗೂ ಅವಳ ಗಂಡ ಇನ್ನಾಸಪ್ಪನಿಗೂ ಇದ್ದದ್ದು ಇಬ್ಬರು ಮಕ್ಕಳು. ಹಿರಿಯಳು ಲೂರ್ದು, ಆಗ ಹನ್ನೆರಡರ ಹುಡುಗಿ. ನಡುವೆ ಮೂರು ಕೂಸು ಕಳೆದುಕೊಂಡ ಮೇಲೆ ಹುಟ್ಟಿದವನು ಚೌರಿ. ಅವನಿಗೆ ಗಂಟಲಮಾರಿ ಬಂತು. ಕುತ್ತಿಗೆ ಊದಿ, ಉಸಿರು ಎಳೆದರೆ ತಿದಿಯೂದಿದ ಸದ್ದು. ಕನಕಪುರದ ಡಾಕ್ಟರು ಒಂದು ಸೂಜಿ ಚುಚ್ಚಿ, “ಇನ್ನು ನಿಮ್ಮ ದೇವರನ್ನ ಕೇಳ್ಕೊಳ್ಳಿ” ಎಂದು ಕಳಿಸಿಬಿಟ್ಟರು. ಮದಲೆಮ್ಮ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ನೇರ ಗುಡಿಗೆ ಹೋದಳು. ಮಾತೆಯ ಸ್ವರೂಪದ ಮುಂದೆ ಮಂಡಿಯೂರಿ, ಊರಿಗೆಲ್ಲ ಕೇಳುವಂತೆ ಕೂಗಿದಳು: “ತಾಯೇ, ಇವನ್ನ ಉಳಿಸ್ಕೊಡು. ಅವಳ್ನ ನಿನಗೇ ಕೊಟ್ಬುಡ್ತೀನಿ!”

ಹಿಂದೆ ಮೇಣದಬತ್ತಿ ಹಿಡಿದು ನಿಂತಿದ್ದ ಲೂರ್ದು ಅದನ್ನು ಕೇಳಿಸಿಕೊಂಡಳು.

ಹುಡುಗ ಉಳಿದ. ಮಳೆಗಾಲ ಮುಗಿಯುವ ಮುಂಚೆ ಲೂರ್ದುವನ್ನು ಬೆಂಗಳೂರಿನ ಕನ್ಯಾಮಠದ ಹಾಸ್ಟೆಲಿಗೆ ಬಿಟ್ಟು ಬಂದರು. ಕ್ರಿಸ್ಮಸ್ ಕಳೆದು ಒಂದು ಮಧ್ಯಾಹ್ನ ಹುಡುಗಿ ಒಬ್ಬಳೇ ಮನೆಯ ಮುಂದೆ ಬಂದು ನಿಂತಳು. ಯಾರಿಗೂ ಹೇಳದೆ ಬಸ್ಸು ಹತ್ತಿ, ಕನಕಪುರದಿಂದ ನಡೆದು ಬಂದಿದ್ದಳು. ಮದಲೆಮ್ಮ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದವಳು ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. ಅವತ್ತೇ ಬೆಳಗ್ಗೆ ಚೌರಿಗೆ ಮೈ ಬೆಚ್ಚಗಾಗಿತ್ತು.

“ಅವ್ವ, ನಾನು ಅಲ್ಲಿಗೆ ಹೋಗಕಿಲ್ಲ.”

“ಒಳಕ್ಕೆ ಕಾಲಿಕ್ಕಬ್ಯಾಡ. ನೀನು ಬಂದ್ರೆ ನಿನ್ ತಮ್ಮ ಉಳಿಯಾಕಿಲ್ಲ.”

“ನಾನು?” ಎಂದಳು ಹುಡುಗಿ.

ಮದಲೆಮ್ಮ ಒಳಗೆ ಹೋದಳು. ಜಗಲಿಯ ಮೇಲೆ ಮುದ್ದೆ, ಉಪ್ಸಾರು ತಂದಿಟ್ಟಳು. ಲೂರ್ದು ಅದನ್ನು ಮುಟ್ಟಲಿಲ್ಲ. ಇನ್ನಾಸಪ್ಪ, “ಒಂದಿನ ಇದ್ಕೊಂಡು ಹೋಗ್ಲಿ ಬುಡೆ” ಎಂದು ಅಂಗಲಾಚಿದ. “ಮಗ ಬೇಕಾ ಬ್ಯಾಡ್ವಾ?” ಎಂದು ಮದಲೆಮ್ಮ ಅವನ ಮೇಲೆ ಬಿದ್ದಳು. ಹೊತ್ತು ಮುಳುಗುವ ಮುಂಚೆ ಇನ್ನಾಸಪ್ಪನೇ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಸ್ಸಿಗೆ ಹೋದ. ಹುಡುಗಿ ಅಳಲಿಲ್ಲ. ಅಳದಿದ್ದದ್ದನ್ನು ಕಂಡು, ದೇವರು ಅವಳ ಮನಸ್ಸು ಗಟ್ಟಿ ಮಾಡಿದ ಎಂದುಕೊಂಡಳು ಮದಲೆಮ್ಮ.

ಮತ್ತೆ ಅವಳು ಓಡಿಬರಲಿಲ್ಲ. ವ್ರತ ತೊಟ್ಟು ಸಿಸ್ಟರ್ ಆದಳು, ನರ್ಸ್ ಕೆಲಸ ಕಲಿತಳು. ಟಾಂಜಾನಿಯಾ ಎಂಬ ದೇಶದ ಮಿಷನ್ ಆಸ್ಪತ್ರೆಗೆ ಕಳಿಸುವ ಮುಂಚೆ ಒಮ್ಮೆ ಊರಿಗೆ ಬಂದಳು. ಊರವರು ತಮಟೆ ಬಾರಿಸಿ ಹಾರ ಹಾಕಿದರು. ಅವಳು ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕಾಫಿ ಕುಡಿದು, ತಾಯಿಯನ್ನು “ನೀವು” ಎಂದು ಮಾತಾಡಿಸಿ ಹೋದಳು. ಇಷ್ಟು ಓದಿದರೂ ಎಷ್ಟು ವಿನಯ ಎಂದು ಮದಲೆಮ್ಮ ಎಲ್ಲರಿಗೂ ಹೇಳಿದಳು.

ಇನ್ನಾಸಪ್ಪ ತೀರಿಕೊಂಡ. ಚೌರಿ ಬೆಳೆದು ಒಳ್ಳೆಯ ದುಡಿಮೆಗಾರನಾದ, ಅವ್ವನ ಮಾತು ಮೀರದ ಮಗ. ಹೆಣ್ಣು ನೋಡುತ್ತಿದ್ದ ವರ್ಷವೇ, ಗೆಳೆಯರ ಜೊತೆ ಸಂಗಮಕ್ಕೆ ಹೋದವನು ತೆಪ್ಪ ಮಗುಚಿ ನೀರುಪಾಲಾದ. ಮೂರನೇ ದಿನ ಹೆಣ ಸಿಕ್ಕಿದಾಗ ಮುಖವನ್ನು ಮೀನು ತಿಂದಿದ್ದವು. ಮದಲೆಮ್ಮ ಸೊಂಟದ ಉಡುದಾರ ನೋಡಿ ಗುರುತು ಹಿಡಿದಳು. ಮಠದವರು ಲೂರ್ದುವಿಗೆ ಸುದ್ದಿ ಮುಟ್ಟಿಸಿದರು. ಅವಳು ಬರಲಿಲ್ಲ.

ಮಣ್ಣು ಮಾಡಿದ ಮೇಲೆ ಮದಲೆಮ್ಮ ಬಹಳ ಕಾಲ ಗುಡಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ಪಾದ್ರಿಗಳ ಮನೆ ಬಾಗಿಲಿಗೆ ಹೋಗಿ ನಿಂತಳು.

“ಸ್ತೋತ್ರ ಸ್ವಾಮಿ. ಒಂದು ನ್ಯಾಯ ಹೇಳಿ. ಮಗನ್ನ ಉಳಿಸ್ಕೊಡು, ಮಗಳ್ನ ಕೊಡ್ತೀನಿ ಅಂದಿದ್ದೆ. ದೇವ್ರು ಮಗನ್ನೂ ಕಿತ್ಕಂಡವ್ನೆ. ಮಾತು ಮುರಿದೋನು ಅವ್ನು. ಇನ್ನು ನನ್ ಮಗಳ್ನ ಯಾಕೆ ಇಟ್ಕಂಡವ್ನೆ?”

“ದೇವರ ಜೊತೆ ಚೌಕಾಸಿ ಮಾಡಬಾರದು ಮದಲೆಮ್ಮ.”

“ಅವತ್ತು ಮಾಡ್ದಾಗ ಗುಡೀಲಿ ಒಬ್ರೂ ಬ್ಯಾಡ ಅನ್ನಲಿಲ್ವಲ್ಲ?”

ಪಾದ್ರಿಗಳು ಅವಳ ತಲೆ ಮುಟ್ಟಿ ಜಪ ಹೇಳಿ ಕಳಿಸಿದರು. ಆದರೆ ಆ ಯೋಚನೆ ಅವಳ ತಲೆಯಿಂದ ಹೋಗಲಿಲ್ಲ. ಹರಕೆ ಮುರಿದಿದೆ, ಮಗಳು ತನ್ನವಳು, ಹೋಗಿ ಕರೆತರಬೇಕು.

ತೊಂಬತ್ತಾರರಲ್ಲಿ ಕಾಲ ಕೂಡಿಬಂತು. ಲೂರ್ದು ವ್ರತ ತೊಟ್ಟು ಇಪ್ಪತ್ತೈದು ವರ್ಷವಾಗಿತ್ತು. ಆ ಬೆಳ್ಳಿಹಬ್ಬಕ್ಕೂ ಅಲ್ಲಿನ ಮಿಷನ್ನಿನ ಸೇವೆಗೂ ಎಂದು ಪಾದ್ರಿಗಳು ನಾಲ್ಕು ಜನರ ತಂಡ ಕಟ್ಟಿಕೊಂಡು ತಾವೂ ಹೊರಟರು. ತಾಯಿಯ ಖರ್ಚನ್ನು ಮಠವೇ ನೋಡಿಕೊಂಡಿತು. ಮದಲೆಮ್ಮ ರಾಗಿಹಿಟ್ಟು, ಉಪ್ಪಿನಕಾಯಿ ಕಟ್ಟಿಕೊಂಡಳು. ಮಗಳಿಗೆ ಒಂದು ಹಸಿರು ಸೀರೆಯನ್ನೂ ಇಟ್ಟುಕೊಂಡಳು. ಸಿಸ್ಟರಿಗೆ ಸೀರೆ ಯಾಕೆ ಎಂದು ಯಾರೋ ಕೇಳಿದರೆ ನಕ್ಕಳು.

ವಿಮಾನ, ಇನ್ನೊಂದು ವಿಮಾನ, ಆಮೇಲೆ ಕೆಮ್ಮಣ್ಣಿನ ರಸ್ತೆಯಲ್ಲಿ ಜೀಪು. ಆಚೆ ದಡ ಕಾಣದ ಕೆರೆಯೊಂದರ ಪಕ್ಕ ಮಿಷನ್ ಆಸ್ಪತ್ರೆ ಇತ್ತು. ಅಲ್ಲಿನವರೂ ಮುದ್ದೆಯನ್ನೇ ಉಣ್ಣುವುದನ್ನು ನೋಡಿ ಮದಲೆಮ್ಮನಿಗೆ ಅಚ್ಚರಿ, ಬಿಳಿ ಮುಸುಕಿನ ಜೋಳದ ಹಿಟ್ಟಿನದು ಅಷ್ಟೆ. ಮುದುಕಿಯರನ್ನು ಅಲ್ಲಿ “ಬೀಬಿ” ಎನ್ನುತ್ತಿದ್ದರು. ರಾಮನಗರದ ಸಾಬರ ಹೆಂಗಸರನ್ನು ಕರೆದಂತೆ ತನ್ನನ್ನೂ ಕರೆಯುತ್ತಾರಲ್ಲ ಎಂದು ಮೊದಲ ದಿನ ನಗು ಬಂತು.

ಲೂರ್ದು ಮೊದಲು ಪಾದ್ರಿಗಳಿಗೆ ವಂದಿಸಿದಳು. ಆಮೇಲೆ ತಾಯಿಯ ಹತ್ತಿರ ಬಂದು, “ಪ್ರಯಾಣ ಸುಖವಾಯ್ತಾ?” ಎಂದು ಕೇಳಿ ವಾರ್ಡಿಗೆ ಹೊರಟುಹೋದಳು. ನಲವತ್ತೈದು ದಾಟಿದ ಹೆಂಗಸು, ಕೂದಲು ನರೆತಿತ್ತು, ಮೈಕಟ್ಟು ಇನ್ನಾಸಪ್ಪನದೇ. ಕೆಲಸದವರ ಮೇಲೆ, ರೋಗಿಗಳ ಮೇಲೆ ಅವಳು ಒಮ್ಮೆಯೂ ದನಿ ಎತ್ತುತ್ತಿರಲಿಲ್ಲ. ಮಕ್ಕಳು “ಮಾಮಾ, ಮಾಮಾ”, ಅಂದರೆ ಅವ್ವ, ಎಂದು ಅವಳ ಸೆರಗಿಲ್ಲದ ಬಿಳಿ ಅಂಗಿಗೆ ಜೋತುಬೀಳುತ್ತಿದ್ದವು. ಒಂದರ ತಲೆಯ ಹೇನು ತೆಗೆಯುತ್ತಾ ಇನ್ನೊಂದಕ್ಕೆ ಗಂಜಿ ಕುಡಿಸುತ್ತಾ ಕೂತಿರುತ್ತಿದ್ದಳು. ಮದಲೆಮ್ಮ ದೂರದ ಬೆಂಚಿನ ಮೇಲಿಂದ ನೋಡುತ್ತಿದ್ದಳು. ಪರರ ಮಕ್ಕಳಿಗೆ ಇಷ್ಟು ಕೊಡುವವಳು ಹೆತ್ತವಳ ಪಕ್ಕ ಒಂದು ಗಳಿಗೆ ಕೂರಳೇ ಎಂದು ಹೊಟ್ಟೆ ಉರಿಯಿತು.

ಹಬ್ಬದ ಹಿಂದಿನ ದಿನ ಒಬ್ಬ ಹೆಂಗಸು ಬಂದಳು. ಬೆನ್ನಿಗೆ ಕಟ್ಟಿದ ಮಗ ಜ್ವರದಲ್ಲಿ ಕಣ್ಣು ಮೇಲೆ ಮಾಡಿದ್ದ. ಕೈ ಹಿಡಿದು ಒಬ್ಬ ಹುಡುಗಿ. ಲೂರ್ದು ಮಗುವನ್ನು ಮಲಗಿಸಿ ಔಷಧಿ ಶುರುಮಾಡಿದಳು. ಅಷ್ಟರಲ್ಲಿ ಆ ಹೆಂಗಸು ಹುಡುಗಿಯನ್ನು ಮುಂದಕ್ಕೆ ದೂಡಿ, ಗೋಡೆಯ ಶಿಲುಬೆಯನ್ನು ತೋರಿಸಿ, ನೆಲಕ್ಕೆ ಬಿದ್ದು ಏನೋ ಹೇಳಿದಳು. ಲೂರ್ದುವಿನ ಮುಖ ಕಪ್ಪಿಟ್ಟಿತು. ಎಂದೂ ದನಿ ಎತ್ತದವಳು ವಾರ್ಡೆಲ್ಲ ನಡುಗುವಂತೆ ಕಿರುಚಿದಳು. ಹುಡುಗಿಯನ್ನು ಎಳೆದು ಅವಳ ತಾಯಿಯ ತೊಡೆಯ ಮೇಲೆ ಕುಕ್ಕಿದಳು. ಆ ಹೆಂಗಸು ಹೆದರಿ ಮಗಳನ್ನು ಅವುಚಿಕೊಂಡು ಅಳತೊಡಗಿದಳು.

“ಏನಂತೆ ಅವಳದು?” ಎಂದು ಕೇಳಿದಳು ಮದಲೆಮ್ಮ.

ಲೂರ್ದು ತಿರುಗಿದಳು. ಅಷ್ಟು ದಿನ ಪುಸ್ತಕದ ಕನ್ನಡ ಆಡುತ್ತಿದ್ದವಳ ಬಾಯಲ್ಲಿ ಅಂತೋಣಿದೊಡ್ಡಿಯ ಮಾತು ಬಂತು. ಹನ್ನೆರಡನೇ ವಯಸ್ಸಿನಲ್ಲಿ ಬಿಟ್ಟುಹೋಗಿದ್ದ ಭಾಷೆ, ಆ ಹುಡುಗಿಯ ಮಾತಿನಂತೆಯೇ ಇತ್ತು.

“ಇವನ್ನ ಉಳಿಸ್ಕೊಡು, ಇವಳ್ನ ನಿಮ್ ಮಠಕ್ಕೆ ಕೊಡ್ತೀನಿ ಅಂತವಳೆ ಕಣವ್ವ. ನಾನೇನಂದೆ ಗೊತ್ತಾ? ಹುಡುಗ ಉಳಿದ್ರೆ ಔಷಧೀಲಿ ಉಳೀತಾನೆ, ಸತ್ರೆ ಸಾಯ್ತಾನೆ. ಈ ಹೆಣ್ಣನ್ನ ಬೆಲೆ ಕಟ್ಟಿ ಮಾರಿದ್ರೆ ನೀನು ತಾಯಲ್ಲ, ಕಟುಕಿ ಅಂದೆ.”

ಮದಲೆಮ್ಮ ಆ ಹೆಂಗಸಿನ ಮುಖ ನೋಡಿದಳು. ಕಪ್ಪು ಮುಖ, ಮೂಗಿನಿಂದ ಸುರಿಯುತ್ತಿದ್ದ ಸಿಂಬಳ. ಆ ಕಣ್ಣಲ್ಲಿ ಮಗನ ಹೊರತು ಬೇರೆ ಏನೂ ಇರಲಿಲ್ಲ. ತೊಡೆಯ ಮೇಲಿದ್ದ ಹುಡುಗಿ ಮಾತ್ರ ಎಲ್ಲವನ್ನೂ ನೋಡುತ್ತಿದ್ದಳು.

ಸಂಜೆಯ ಹೊತ್ತಿಗೆ ಆ ಮಗು ತೀರಿಕೊಂಡಿತು. ಹೆಣವನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು, ಹುಡುಗಿಯ ಕೈ ಹಿಡಿದು, ಆ ಹೆಂಗಸು ಕೆಮ್ಮಣ್ಣಿನ ದಾರಿಯಲ್ಲಿ ಹೊರಟುಹೋದಳು. ಲೂರ್ದು ಕೆರೆಯ ದಡದಲ್ಲಿ ಕೈ ತೊಳೆಯುತ್ತಿದ್ದಳು. ಮದಲೆಮ್ಮ ಹತ್ತಿರ ಹೋದಳು. ಇದಲ್ಲ ಹೊತ್ತು ಎಂದು ಅವಳಿಗೂ ಗೊತ್ತಿತ್ತು. ಆದರೆ ಹೊರಡುವ ದಿನ ಹತ್ತಿರ ಬಂದಿತ್ತು.

“ಲೂರ್ದು, ನಿನ್ ತಮ್ಮ ಹೋದ್ನಲ್ಲ. ಹರಕೆ ತೀರ್ತು. ಇನ್ನು ಬಂದ್ಬುಡು ಮಗ. ಮನೆ ಐತೆ, ಜಮೀನೈತೆ. ನಿಂಗೊಂದು ಸೀರೆನೂ ತಂದಿವ್ನಿ.”

ಲೂರ್ದು ತಿರುಗದೆ ಹೇಳಿದಳು. “ಅವನು ಸತ್ತ ಅಂತ ಸುದ್ದಿ ಬಂದ ದಿನ ನಾನು ಹೊಟ್ಟೆ ತುಂಬ ಉಂಡೆ ಕಣವ್ವ. ಅಲ್ಲೀಗಂಟ ಒಂದು ತುತ್ತೂ ರುಚಿಯಾಗಿರ್ನಿಲ್ಲ.”

“ಅವನೇನ್ ಮಾಡಿದ್ನವ್ವ? ಆಗ ಮೂರು ವರ್ಷದ ಕೂಸು.”

“ಏನೂ ಮಾಡಿರ್ನಿಲ್ಲ. ಅದಕ್ಕೇ ಆಮೇಲೆ ಅತ್ತೆ. ಅವನಿಗೋಸ್ಕರ ಅತ್ತೆ. ನಿನಗಲ್ಲ.”

“ನಂದು ತಪ್ಪಾಯ್ತು. ಒಸಿ ಕ್ಷಮಿಸು. ಕ್ಷಮಿಸೋದು ನಮ್ ಧರ್ಮ ತಾನೆ?”

“ಪ್ರತಿ ವರ್ಷ ಪಾದ್ರಿಗಳ ಮುಂದೆ ಪಾಪನಿವೇದನೇಲಿ ಕ್ಷಮಿಸಿದೀನಿ ಅಂತ ಹೇಳ್ತೀನಿ. ಸುಳ್ಳು ಹೇಳ್ತೀನಿ.” ಲೂರ್ದು ಕೈ ಒರೆಸಿಕೊಂಡಳು. “ಇಲ್ಲಿಗೆ ಬಂದ ಮೇಲೆ ಈ ಕೆಲಸ ನಂದಾಯ್ತು. ಇದು ನೀನು ಕೊಟ್ಟಿದ್ದಲ್ಲ, ಮಠದೋರು ಕೊಟ್ಟಿದ್ದೂ ಅಲ್ಲ. ನಾನು ಎಲ್ಲಿಗೂ ಬರಕಿಲ್ಲ. ನೀನು ಸತ್ತಾಗಲೂ ಬರಕಿಲ್ಲ. ಕಾಯ್ಬ್ಯಾಡ.”

ಮಾರನೆಯ ದಿನ ಹಬ್ಬ. ಡೋಲು ಬಡಿದು ಹಾಡಿದರು. ಮದಲೆಮ್ಮನನ್ನು ವೇದಿಕೆಗೆ ಹತ್ತಿಸಿ ಕೊರಳಿಗೆ ಹಾರ ಹಾಕಿದರು. ಮಗಳನ್ನು ದೇವರಿಗೆ ಒಪ್ಪಿಸಿದ ಮಹಾತಾಯಿ ಎಂದು ಪಾದ್ರಿಗಳು ಭಾಷಣ ಮಾಡಿದರು. ಲೂರ್ದುವೇ ಅದನ್ನು ಆ ಜನರ ಭಾಷೆಗೆ ತಿರುಗಿಸಿ ಹೇಳಿದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಹಸಿರು ಸೀರೆಯನ್ನು ಮದಲೆಮ್ಮ ಅಲ್ಲಿ ಕಸ ಗುಡಿಸುವವಳಿಗೆ ಕೊಟ್ಟಳು.

ಊರಿಗೆ ಬಂದ ಮೇಲೆ ಅವಳು ಮಾತು ಕಡಿಮೆ ಮಾಡಿದಳು. ಹುಳು ಸಾಕುವುದನ್ನು ಬಿಟ್ಟಳು. ಸಾರಿಗೆ ಸೊಪ್ಪು ಬಿಡಿಸುವಾಗ, ಕಸ ಬಳಿಯುವಾಗ ಆ ಆಫ್ರಿಕಾದ ಹೆಂಗಸು ಅವಳ ಕಣ್ಣಿಗೆ ಬರುತ್ತಿದ್ದಳು. ಪಕ್ಕದ ಮನೆಯ ತೆರೆಸಮ್ಮನ ಮುಂದೆ ಒಮ್ಮೆ ಹೇಳಿದಳಂತೆ: “ಅವಳ ಮಗ ಸತ್ತ, ಮಗಳು ಉಳಿದ್ಲು. ನನ್ ಮಗ ಉಳಿದ, ಮಗಳು ಹೋದ್ಲು. ಯಾರು ಗೆದ್ದೋರು ಅಂತ ಲೆಕ್ಕ ಹಾಕ್ತೀನಿ ಕಣೆ. ನಂಗೂ ಅವತ್ತು ಹಂಗೆ ಕಿರುಚೋರು ಒಬ್ರು ಇದ್ದಿದ್ರೆ ಚೌರಿ ಸತ್ತಿರ್ತಿದ್ದ ಅನ್ಕಂತೀನಿ, ಮರುಗಳಿಗೇಲಿ, ಸತ್ರೆ ಸಾಯ್ತಿದ್ದ ಅನ್ಕಂತೀನಿ. ಹೆತ್ತೋಳು ಅನ್ನೋ ಮಾತಾ ಅದು?”

ತೆರೆಸಮ್ಮನಿಗೆ ಇದು ಅರ್ಥವಾಗಲಿಲ್ಲ. ಅವಳಿಗೆ ನಾಲ್ಕು ಹೆಣ್ಣುಮಕ್ಕಳು. ಎರಡನೆಯವಳಾದ ಫಿಲೋಮಿನಳನ್ನು ಮಠಕ್ಕೆ ಸೇರಿಸಬೇಕೆಂದು ಮಾತು ನಡೆದಿತ್ತು. ಒಳ್ಳೆಯ ಮಾತು ಹೇಳಲಿ ಎಂದು ಹುಡುಗಿಯನ್ನು ಮದಲೆಮ್ಮನ ಹತ್ತಿರ ಕರೆತಂದಳು.

ಮದಲೆಮ್ಮ ಹುಡುಗಿಯನ್ನೇ ಕೇಳಿದಳು. “ನಿಂಗಿಷ್ಟವಾ?”

“ಅವ್ವಂಗಿಷ್ಟ.”

“ನಿನ್ನ ಕೇಳ್ದೆ.”

ಹುಡುಗಿ ತಾಯಿಯ ಮುಖ ನೋಡಿದಳು. ಮದಲೆಮ್ಮ ಎದ್ದು ತೆರೆಸಮ್ಮನ ಕೆನ್ನೆಗೆ ಹೊಡೆದಳು. “ಇವಳ್ನ ಕಳಿಸ್ದೆ ಅಂದ್ರೆ ದಿನಾ ನಿನ್ ಮನೆ ಮುಂದೆ ನಿಂತ್ಕಂಡು ಬೊಬ್ಬೆ ಹೊಡೀತೀನಿ. ನೀನು ಕಟುಕಿ ಕಣೆ, ಕಟುಕಿ!”

ಊರು ಕೂಡಿತು. ಮಗಳು ಫಾರಿನ್ನಿನಲ್ಲಿರುವ ಕೊಬ್ಬು, ಬೇರೆಯವರ ಮಗಳಿಗೆ ಆ ಪುಣ್ಯ ಬರಬಾರದು ಎನ್ನುವ ಹೊಟ್ಟೆಕಿಚ್ಚು ಎಂದರು ಜನ. ಪಾದ್ರಿಗಳು ಅವಳಿಗೆ ತಪ್ಪುಕಾಣಿಕೆ ಹಾಕಿಸಿ ತೆರೆಸಮ್ಮನ ಕ್ಷಮೆ ಕೇಳಿಸಿದರು. ಮದಲೆಮ್ಮ ಕೇಳಿದಳು. ಫಿಲೋಮಿನ ಮುಂದಿನ ವರ್ಷ ಹೊರಟಳು. ಊರವರೆಲ್ಲ ಬಸ್ಸಿನ ತನಕ ಕಳಿಸಲು ಹೋದರು. ಮದಲೆಮ್ಮ ತನ್ನ ಜಗಲಿಯಿಂದ ಏಳಲಿಲ್ಲ. ಮುಂದೆ ಹಾದುಹೋಗುವಾಗ ಹುಡುಗಿ, “ಹೋಗ್ಬತ್ತೀನಿ ಅಜ್ಜಿ” ಎಂದಳು. ಆ ಮುಖದಲ್ಲಿ ಸಂತೋಷವಿತ್ತೋ ದುಃಖವಿತ್ತೋ ಮದಲೆಮ್ಮನಿಗೆ ತಿಳಿಯಲಿಲ್ಲ. ತನ್ನ ಮಗಳ ಮುಖದಲ್ಲೂ ಅವಳಿಗೆ ಅದು ತಿಳಿದಿರಲಿಲ್ಲ.

ಅವಳು ಇನ್ನೂ ಕೆಲವು ವರ್ಷ ಬದುಕಿದ್ದಳು. ಸತ್ತಾಗ ಮಠಕ್ಕೆ ಸುದ್ದಿ ಮುಟ್ಟಿಸಿದರು. ಸಿಸ್ಟರಮ್ಮ ಬರುತ್ತಾಳೆ ಎಂದು ಊರವರು ಹೆಣವನ್ನು ಮಂಜುಗಡ್ಡೆಯ ಮೇಲೆ ಇಟ್ಟು ಕಾದರು. ಎರಡನೆಯ ದಿನ ವಾಸನೆ ಶುರುವಾದಾಗ ತೆರೆಸಮ್ಮನೇ ಮುಂದೆ ನಿಂತು, “ಎತ್ರಪ್ಪ, ಯಾರೂ ಬರಾಕಿಲ್ಲ” ಎಂದಳು.