ಕಲ್ಲುಕೋರೆಯ ಸೋಣೆ ಹೂ

ಸುಣ್ಣಕಲ್ಲಿನ ನೆಲ ಒಳಗೊಳಗೇ ಕರಗಿ, ಒಂದು ದಿನ ಮೇಲೆ ನಿಂತವರ ಸಮೇತ ಕುಸಿದು ಹೊಂಡವಾಗುತ್ತದಂತೆ. ಮೊಬೈಲಿನಲ್ಲಿ ಇದನ್ನು ನೋಡಿದ ಮೇಲೆ ನನಗೆ ಯಾವ ಹೊಂಡದ ಹತ್ತಿರ ಹೋಗಲೂ ಧೈರ್ಯವಿಲ್ಲ. ಯಡ್ತರೆಯ ಅಕ್ಕನ ಮನೆಯ ಹಿಂದಿರುವುದು ಮನೆ ಕಟ್ಟುವ ಕೆಂಪು ಮುರಕಲ್ಲು ಕೊಯ್ದು ಬಿಟ್ಟುಹೋದ ಹಳೆಯ ಕೋರೆ. ಸುಣ್ಣಕಲ್ಲಿನ ಚೂರೂ ಅಲ್ಲಿಲ್ಲ. ಇದು ನನಗೆ ಗೊತ್ತು. ಆದರೆ ಗೊತ್ತಿರುವುದಕ್ಕೂ ನನ್ನ ಹೆದರಿಕೆಗೂ ಮಾತುಕತೆ ಇಲ್ಲ.

ಅಕ್ಕನಿಗೆ ಬೇಸಗೆಯಲ್ಲಿ ಮಂಡಿಯ ಆಪರೇಷನ್ ಆಗಿತ್ತು. ಮಂಡಿ ಸರಿಯಾಗಿದೆ, ಮೆಟ್ಟಿಲು ಹತ್ತಿಳಿಯದಿದ್ದರೆ ಮಾತ್ರ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳೋ ಜಗಲಿಯ ಮೆಟ್ಟಿಲ ತನಕ ಬಂದು, ಕೆಳಗೆ ನೋಡಿ, ತಿರುಗಿ ಹೋಗಿ ಮಂಚದಲ್ಲಿ ಕೂತುಬಿಡುತ್ತಿದ್ದಳು. ಬಿದ್ದರೆ ಎಂಬ ಭಯ. ತಲ್ಲೂರಿನಿಂದ ದಿನಾ ಫೋನು ಮಾಡಿ "ಜಾಗ್ರತೆ" ಎಂದು ಆ ಭಯಕ್ಕೆ ನೀರೆರೆಯುತ್ತಿದ್ದವನು ನಾನೇ.

ಅಷ್ಟರಲ್ಲಿ ಮಳೆಗಾಲದ ಸೋಣೆ ತಿಂಗಳು, ಅಂದರೆ ಸಿಂಹ ಮಾಸ, ಬಂತು. ಆ ತಿಂಗಳಿಡೀ ಹೊಸ್ತಿಲಲ್ಲಿ ಅಜ್ಜಿಯೊಬ್ಬಳು ಬಂದು ಕೂತಿರುತ್ತಾಳೆಂಬ ನಂಬಿಕೆ ನಮ್ಮ ಕಡೆ. ಹೆಂಗಸರು ಬೆಳಿಗ್ಗೆ ಹೊಸ್ತಿಲು ತೊಳೆದು, ರಂಗೋಲಿ ಬರೆದು, ಕಾಡುಹೂ ಇಟ್ಟು ಪೂಜೆ ಮಾಡುತ್ತಾರೆ. ಅಂಗಡಿಯ ಸೇವಂತಿಗೆ ಆಗದು ಎಂದು ಅಕ್ಕನ ಹಟ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ಮೇಲೆ ಕಾಡುಹೂ ಉಳಿದಿರುವುದು ಕೋರೆಯಲ್ಲಿ ಮಾತ್ರ.

ಭಾನುವಾರ ನಾನು ಹೋದೆ. ಹಿತ್ತಿಲ ಬಾಗಿಲಿನಿಂದ ಕೋರೆಯವರೆಗೆ ನೆಲ ಸಮತಟ್ಟು, ಅವಳೂ ಬಂದಳು. ಅಂಚಿನಿಂದ ದೂರಕ್ಕೆ ಕುರ್ಚಿ ಹಾಕಿ ಕೂರಿಸಿದೆ. ಕೊಡೆ, ಗಮ್‌ಬೂಟು, ಟಾರ್ಚು ಎಲ್ಲ ತಂದಿದ್ದೆ.

"ಯುದ್ಧಕ್ಕ್ ಹೊಂಟದ್ದಾ, ಹೂಗ್ ಕೊಯ್ಕೆ ಹೊಂಟದ್ದಾ?" ಎಂದಳು.

ಕಲ್ಲು ಕೊಯ್ದ ಗೋಡೆ ಅಗಲ ಮೆಟ್ಟಿಲುಗಳಾಗಿ ಉಳಿದಿದೆ. ಅದರ ಮೇಲೆಲ್ಲ ಗುಲಾಬಿ ಬಣ್ಣದ ಸೋಣೆ ಹೂ, ಬಿಳಿ ತುಂಬೆ. ನೀರು ಜಿನುಗುವಲ್ಲಿ ಅಕ್ಕಿಕಾಳಿನಷ್ಟು ನೇರಳೆ ಹೂಗಳು, ಹೆಸರು ನನಗೆ ಗೊತ್ತಿಲ್ಲ. ತಳದ ಮೂಲೆಯಲ್ಲಿ ಹಸಿರು ನೀರು ನಿಂತಿತ್ತು. ಹೇಗೋ ಕೆಳಗಿಳಿದು, ಅದಕ್ಕೆ ಬೆನ್ನು ಹಾಕಲು ಹೆದರಿ ಏಡಿಯ ಹಾಗೆ ಅಡ್ಡಡ್ಡ ನಡೆದೆ.

ಪಕ್ಕದ ತೋಟಕ್ಕೆ ಮೊನ್ನೆ ಹುಲ್ಲು ಸಾಯಿಸುವ ಮದ್ದು ಹೊಡೆದಿದ್ದರಂತೆ. ಗಾಳಿಗೆ ಇಲ್ಲಿಗೂ ಬಂದಿದ್ದರೆ? ಒಂದೊಂದೇ ಹೂ ಕೊಯ್ದು, ಮೂಗಿಗೆ ಹಿಡಿದು ಪರೀಕ್ಷಿಸಿ, ಬುಟ್ಟಿಗೆ ಹಾಕತೊಡಗಿದೆ.

"ಹ್ವಾಯ್! ಎಂತ ಮಾಡ್ತಿದ್ದೆ ನೀನ್?" ಅಕ್ಕ ಅಂಚಿಗೇ ಬಂದು ನಿಂತಿದ್ದಳು.

"ಮದ್ದಿನ್ ವಾಸ್ನೆ ಇತ್ತಾ ಕಾಂತಿದ್ದೆ."

"ಮೂಸ್ದ್ ಹೂಗ್ ಪೂಜೆಗ್ ಆತ್ತಾ ಮಾರಾಯಾ? ಎಲ್ಲಾ ಮೂಸಿದ್ಯಾ?"

"ಒಂದೂ ಬಿಡ್ಲಿಲ್ಲ," ಎಂದೆ. ಶ್ರದ್ಧೆಗೆ ಶಹಭಾಸ್ ಸಿಗಬಹುದೆಂದುಕೊಂಡಿದ್ದೆ.

"ಚೆಲ್ಲ್ ಎಲ್ಲಾ!"

ಬುಟ್ಟಿ ಕೊಡವಿ ತಲೆಯೆತ್ತಿದರೆ ಅವಳು ಅಂಚಿನಲ್ಲಿ ಕೂತು, ಸೀರೆ ಎತ್ತಿಕಟ್ಟಿ, ಒಂದು ಕಾಲನ್ನು ಮೊದಲ ಮೆಟ್ಟಿಲಿಗೆ ಇಳಿಬಿಟ್ಟಿದ್ದಳು.

"ಬೇಡ ಅಕ್ಕ! ಪಾಚಿ ಇತ್ತ್, ಜಾರತ್ತ್!"

"ಬಾಯ್ ಮುಚ್ಚ್. ನೀ ಕೂಗಿರೇ ನಾ ಬೀಳುದ್."

ಬಾಯಿ ಮುಚ್ಚಿದೆ. ನನಗೆ ಅದು ಸಣ್ಣ ಕೆಲಸವಲ್ಲ. ಮರದಿಂದ ಹಲಸಿನಹಣ್ಣು ಹಿಡಿಯುವವನಂತೆ ಕೈ ಚಾಚಿ ಕೆಳಗೆ ನಿಂತೆ. ಅವಳು ಕೂತು, ಜರುಗಿ, ಗೋಡೆ ಹಿಡಿದು ನಿಂತಳು. ಮತ್ತೊಂದು ಮೆಟ್ಟಿಲು ಇಳಿದಳು. ಅಲ್ಲಿಂದ ನನ್ನನ್ನು ಮರೆತೇಬಿಟ್ಟಳು. ಉಗುರಿನಲ್ಲಿ ಚಿವುಟಿ ಚಿವುಟಿ ಸೆರಗಿಗೆ ತುಂಬಿಕೊಂಡಳು.

ಹತ್ತುವುದೇ ಕಷ್ಟವಾಯಿತು. ಒಳ್ಳೆಯ ಕಾಲು ಮೇಲಿಟ್ಟಳು. ಹೊಸ ಮಂಡಿ ಹಿಂದೆಯೇ ಬರದೆ ನಡುಗುತ್ತ ನಿಂತಿತು. ಅವಳ ಮುಖ ಬಿಳಿಚಿತು. ಯಾರಿಗೆ ಮೊದಲು ಫೋನು ಮಾಡುವುದೆಂದು ನಾನು ಆಗಲೇ ಯೋಚಿಸುತ್ತಿದ್ದೆ. ಅವಳು ಉಸಿರೆಳೆದು, ನನ್ನ ಕೊಡೆ ಕಸಿದುಕೊಂಡು, ಊರಿ, ಆ ಕಾಲನ್ನೂ ಎತ್ತಿದಳು. ಮೇಲೆ ಬಂದಳು.

"ನೋವಿತ್ತಾ?"

"ಇಲ್ದೇ ಇರತ್ತಾ? ಇತ್ತ್," ಎಂದು ನಕ್ಕಳು. ಸೆರಗು ಬಿಡಿಸಿ ನೋಡಿದರೆ ಒಂದು ಹೂವೂ ಜಜ್ಜಿಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಹೊಸ್ತಿಲ ಫೋಟೋ ಬಂತು. ದೊಡ್ಡದು ಮಾಡಿ ನೋಡಿದೆ. ನಿನ್ನೆಯ ಹೂವಲ್ಲ; ಆಗಷ್ಟೇ ಕೊಯ್ದವು, ಮೇಲೆ ಮಳೆಹನಿ. ತಕ್ಷಣ ಫೋನು ಮಾಡಿದೆ.

"ಒಬ್ಳೇ ಇಳಿದ್ಯಾ?"

"ಇಲ್ಲ ಮಾರಾಯಾ, ಆಚಿಮನಿ ಅತ್ತಿಗೆನೂ ಕರ್ಕಂಡ್ ಹೋದೆ. ಅವ್ರಿಗೂ ಮಂಡಿನೋವ್, ನಾನೇ ಕೈ ಹಿಡ್ದ್ ಇಳಿಸ್ದೆ."

ಚಿಂತೆ ಮಾಡಲು ನನಗೆ ಇನ್ನೊಂದು ಮಂಡಿ ಸಿಕ್ಕಿತು.