ನನ್ನ ಕಾಲಿನ ಅಳತೆಯ ಬೈಸಿಕಲ್ಲು

ನನ್ನ ಬಲಗಾಲು ಎಡಗಾಲಿಗಿಂತ ಮೂರು ಬೆರಳು ಗಿಡ್ಡ. ಹುಟ್ಟಿನಿಂದಲೇ ಹಾಗೆ. ಆದರೂ ಊರೂರು ತಿರುಗಿ ಸಿಡುಬಿಗೆ ದಾಕು ಹಾಕುವ ಸರ್ಕಾರಿ ಕೆಲಸವನ್ನೇ ಹಿಡಿದೆ, ಹಠವೆಂದರೆ ಹಠ. ಕನಕಪುರವನ್ನು ಆಗ ಕಾನಕಾನಹಳ್ಳಿ ಎನ್ನುತ್ತಿದ್ದೆವು. ಅಲ್ಲಿಂದ ಮರಳವಾಡಿ, ದೊಡ್ಡಆಲಹಳ್ಳಿ ಕಡೆಯ ಹಳ್ಳಿಗಳೆಲ್ಲ ನನ್ನ ಪಾಲಿಗೆ. ನನ್ನ ಕಾಲಿಗೆ ನಡೆದು ಮುಗಿಯುವ ದಾರಿಯಲ್ಲ. ಎತ್ತಿನ ಬಂಡಿ ತಲುಪುವಷ್ಟರಲ್ಲಿ ದಾಕಿನ ಮದ್ದು ಬಿಸಿಲಿಗೆ ಕೆಟ್ಟಿರುತ್ತಿತ್ತು.

ಕೊನೆಗೆ ಹೆಂಡತಿಯ ಕೊರಳಿನ ಅಡ್ಡಿಕೆ ಮಾರಿ ಇಂಗ್ಲೆಂಡಿನಿಂದ ಬೈಸಿಕಲ್ಲು ತರಿಸಿದೆ. ಗಿರಾಕಿಯ ಅಳತೆ ತರಿಸಿಕೊಂಡು ಒಂದೊಂದನ್ನೂ ಬೇರೆಯಾಗಿ ಮಾಡುತ್ತಿದ್ದ ಸಣ್ಣ ಕಂಪನಿ ಅದು. ನನ್ನದಕ್ಕೆ ಬಲಗಡೆ ಪೆಡಲು ಕೂರುವ ಉಕ್ಕಿನ ತೋಳನ್ನೇ ಗಿಡ್ಡ ಮಾಡಿದ್ದರು. ಮುರಿದರೆ ಚೂರುಗಳನ್ನು ಕಳಿಸಿ, ನಿಮ್ಮ ಜೀವಮಾನವಿಡೀ ಅಂಥದ್ದೇ ಮಾಡಿಕೊಡುತ್ತೇವೆ ಎಂದು ಮಾಲೀಕನೇ ಕೈಯಾರೆ ಬರೆದಿದ್ದ. ಮೊದಲ ಸಲ ತುಳಿದ ದಿನ, ನಾಚಿಕೆಯೇನು, ಅತ್ತುಬಿಟ್ಟೆ.

ಹಳ್ಳಿಯವರು ಮೊದಮೊದಲು ಮಕ್ಕಳನ್ನು ಕಣಜದ ಹಿಂದೆ ಅಡಗಿಸುತ್ತಿದ್ದರು. ಬೈದೆ, ಗೋಗರೆದೆ, ನನ್ನ ತೋಳಿನ ದಾಕಿನ ಗುರುತು ತೋರಿಸಿದೆ. ನಾಲ್ಕು ವರ್ಷ ಹಿಡಿಯಿತು. ಆಮೇಲೆ ಗಂಟೆಯ ಸದ್ದು ಕೇಳಿದರೆ ಸಾಕು, "ನಮ್ ದಾಕಪ್ಪ ಬಂದ" ಎನ್ನುತ್ತ ತಾಯಂದಿರೇ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು.

ಐದನೆಯ ವರ್ಷ ಒಂದು ಏರಿನಲ್ಲಿ ಪೆಡಲಿನ ಆ ಗಿಡ್ಡ ತೋಳು ಮುರಿಯಿತು. ಚನ್ನಪಟ್ಟಣದ ಕಮ್ಮಾರ ತಿರುಗಿಸಿ ನೋಡಿ, "ಇದು ನಮ್ ಕುಲುಮೆಗೆ ಬಗ್ಗೋ ಉಕ್ಕಲ್ಲ ಸ್ವಾಮಿ, ಮಾಡ್ದೋರ್ಗೇ ಕಳ್ಸ್ಬುಡಿ" ಎಂದ. ಚೂರುಗಳನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದೆ. ಅಲ್ಲಿಯವರೆಗೆ ನನ್ನ ಬದಲು ಬೇರೊಬ್ಬನನ್ನು ಕಳಿಸಲು ಮೇಲಿನವರು ಸಿದ್ಧರಿದ್ದರು. ಬೇಡವೆಂದು ತಡೆದವನು ನಾನೇ. ನಾನು ಸಂಪಾದಿಸಿದ ಊರುಗಳು, ಇನ್ಯಾರೋ ಹೋಗುವುದೇ? ತಡವಾದರೂ ನಾನೇ ಬರುತ್ತೇನೆ, ಕಾಯಿರಿ ಎಂದು ಹಳ್ಳಿಹಳ್ಳಿಗೂ ಹೇಳಿಕಳಿಸಿದೆ.

ನಾಲ್ಕು ತಿಂಗಳಿಗೆ ಪಾರ್ಸಲ್ಲು ಬಂತು. ಒಳಗೆ ಥಳಥಳ ಹೊಳೆಯುವ ಎರಡು ತೋಳುಗಳು. ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಉದ್ದ. ಜೊತೆಗೊಂದು ಅಚ್ಚಾದ ಕಾಗದ. ಹಳೆಯ ಕಂಪನಿಯನ್ನು ತಾವು ಕೊಂಡಿರುವುದಾಗಿಯೂ, ಇನ್ನು ಎಲ್ಲ ಗಿರಾಕಿಗಳಿಗೂ ಒಂದೇ ಅಳತೆಯ ಉತ್ತಮ ಸಾಮಾನು ದೊರೆಯುವುದಾಗಿಯೂ ದೊಡ್ಡ ಕಂಪನಿಯವರು ಸಂತೋಷದಿಂದ ತಿಳಿಸಿದ್ದರು. ಸಂತೋಷವಂತೆ! ನಾನು ಕಳಿಸಿದ ಚೂರುಗಳ ಸುದ್ದಿಯೇ ಇಲ್ಲ. ಆದರೂ ಜೋಡಿಸಿ ಹತ್ತಿದೆ. ಪೆಡಲು ಕೆಳಗೆ ಹೋದಾಗ ಬಲಗಾಲು ಎಟುಕದೆ ಗಾಳಿಯಲ್ಲಿ ತಡಕಾಡಿತು. ಅಂಗಳ ದಾಟುವ ಮೊದಲೇ ಬಿದ್ದೆ. ಮಾರಿಕೊಳ್ಳುವಾಗ ನನ್ನಂಥವನೊಬ್ಬ ನೆನಪಿಗೆ ಬರಲಿಲ್ಲವೇ ಎಂದು ಆ ಹಳೆಯ ಮಾಲೀಕನಿಗೆ ಹಿಡಿಶಾಪ ಹಾಕಿದೆ.

ಮರುದಿನವೇ ಹೋಗಿ ಬೇರೆಯವನನ್ನು ಕಳಿಸಿ ಎಂದು ಮೇಲಿನವರನ್ನು ಬೇಡಿಕೊಂಡೆ. ಅವನು ದೊಡ್ಡಆಲಹಳ್ಳಿ ಕಡೆ ಮುಟ್ಟುವಷ್ಟರಲ್ಲಿ ಅಲ್ಲಿ ಸಿಡುಬು ಎದ್ದಿತ್ತು.

ನನ್ನನ್ನು ಕಾನಕಾನಹಳ್ಳಿಯ ಆಸ್ಪತ್ರೆಯಲ್ಲೇ ಕೂರಿಸಿದರು. ಒಂದು ಬೆಳಿಗ್ಗೆ ಆ ಕಡೆಯ ಹೆಂಗಸೊಬ್ಬಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಮಗುವಿನ ಮುಖದ ತುಂಬ ಸಿಡುಬಿನ ಕಲೆ, ಎರಡು ಕಣ್ಣೂ ಹೋಗಿದ್ದವು.

"ಪಕ್ಕದ್ ತಾಲ್ಲೂಕ್‌ನ ದಾಕ್ನೋರು ಹತ್ರದೂರ್ಗೇ ಬಂದಿದ್ರು ಸ್ವಾಮಿ, ನಾವು ಹೋಗ್ನಿಲ್ಲ. ನೀವೇ ಬತ್ತೀನಿ ಅಂದಿದ್ರಲ್ಲ, ಕಾಯ್ತಾ ಇದ್ವಿ" ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

"ತಪ್ಪು ನಂದೇ ಕಣವ್ವ" ಎಂದೆ.

"ಬುಡಿ ಸ್ವಾಮಿ, ನಿಮ್ ಗಾಡಿ ಕೆಟ್ಟೋಗಿತ್ತಂತಲ್ಲ" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.