ಅಮೆರಿಕಾದಿಂದ ಫೋಟೋ ಬಿಡಿಸಿ ತಂದ ಟೋರ್ಬೆನ್

ಜರ್ಮನಿಯ ಓಲ್ಡನ್‌ಬುರ್ಗ್‌ನ ನಮ್ಮ ಶಿಶುವಿಹಾರವನ್ನು ನಡೆಸುವವರು ಅಪ್ಪ ಅಮ್ಮಂದಿರೇ. ಒಬ್ಬರಿಗೆ ತೋಟ, ಒಬ್ಬರಿಗೆ ಅಡುಗೆಮನೆ, ಒಬ್ಬರಿಗೆ ಹೇನು ಬಂದಾಗ ಎಲ್ಲರಿಗೂ ತಿಳಿಸುವ ಕೆಲಸ. ಕೆಲಸ ಹಂಚುವ ಸಭೆಗೆ ಯಾರು ಬರುವುದಿಲ್ಲವೋ, ಯಾರಿಗೂ ಬೇಡದ ಕೆಲಸ ಅವರ ತಲೆಗೆ. ಆ ವರ್ಷ ಜ್ವರ ಬಂದು ಮಲಗಿದ್ದವನು ಟೋರ್ಬೆನ್. ಅವನಿಗೆ ಮಾಹಿತಿ ರಕ್ಷಣೆ ಬಿತ್ತು, ಎಂದರೆ ಮಕ್ಕಳ ವಿವರ, ಫೋಟೋ ಹೊರಗಿನವರ ಕೈಗೆ ಸಿಗದಂತೆ ಕಾಯುವ ಕೆಲಸ.

ಬೇರೆಯವರಾಗಿದ್ದರೆ ಮರೆತು ಆರಾಮಾಗಿ ಇರುತ್ತಿದ್ದರು. ಟೋರ್ಬೆನ್ ಜಮೀನು ಅಳೆಯುವವನು. ಖಾಲಿ ರಸ್ತೆಯಲ್ಲಿ ಕೆಂಪು ದೀಪಕ್ಕೆ ಇಲ್ಲಿ ಎಲ್ಲರೂ ನಿಲ್ಲುತ್ತಾರೆ. ಇವನು ಹಸಿರಾದ ಮೇಲೂ ನಿಜವಾಗಿ ಹಸಿರೇ ಎಂದು ಒಮ್ಮೆ ನೋಡಿಕೊಳ್ಳುತ್ತಿದ್ದ.

ಮಕ್ಕಳ ಫೋಟೋಗಳೆಲ್ಲ ಅಮೆರಿಕಾದ ಯಾವುದೋ ಕಂಪನಿಯ ಕ್ಲೌಡಿನಲ್ಲಿವೆ ಎಂದು ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದ. "ನಮ್ಮ ಮಕ್ಕಳು ಮರಳಲ್ಲಿ ಆಡೋ ಫೋಟೋನ ಅಲ್ಲಿನ ಸರ್ಕಾರ ಕೇಳಿದ್ರೆ ಇವರು ಕೊಡಲೇಬೇಕಾಗುತ್ತೆ. ಗೊತ್ತಾ ನಿಮಗೆ?"

"ಕೊಡಲಿ ಬಿಡೋ," ಎಂದ ಮಾಲ್ಟೆ, ಕುರ್ಚಿಯಲ್ಲಿ ಜಾರಿ ಕೂತವನು. "ನನ್ನ ಮಗ ಮರಳು ತಿನ್ನೋದನ್ನ ನೋಡಿ ಅವರೇನು ಯುದ್ಧ ಸಾರ್ತಾರಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನ ಮಗನೂ ಮರಳು ತಿನ್ನುತ್ತಿದ್ದ. ಅದು ಅಮೆರಿಕಾದವರೆಗೆ ಹೋಗಿದೆ ಎಂಬುದು ಹೊಸ ಚಿಂತೆ. ಅಲ್ಲಿಂದ ತೆಗೆದುಬಿಡೋಣವೆಂದು ನಾನೇ ಮೊದಲು ಕೈ ಎತ್ತಿದೆ.

ಅಮೆರಿಕಾ ಬಿಡುವುದೆಂದು ಬೇಗ ಒಪ್ಪಿದರು. ಎಲ್ಲಿಗೆ ಹೋಗುವುದೆಂಬುದಕ್ಕೆ ಚಳಿಗಾಲ ಕಳೆಯಿತು. ಸ್ವಿಸ್ ಕಂಪನಿ ಬೇಡ, ಅವರು ಯುರೋಪಿನ ಒಕ್ಕೂಟದಲ್ಲಿಲ್ಲ. ಜರ್ಮನಿಯದೇ ಒಂದು ಸಿಕ್ಕಿತು. ಟೋರ್ಬೆನ್ ಅದರ ಒಡೆಯನ ಒಡೆಯನನ್ನು ಹುಡುಕುತ್ತ ಹೋಗಿ ಮತ್ತೆ ಅಮೆರಿಕಾದ ಟೆಕ್ಸಾಸಿಗೇ ಮುಟ್ಟಿದ. ಕೊನೆಗೆ ಫಿನ್ಲೆಂಡಿನ ಕಂಪನಿಯೊಂದು ಎಲ್ಲರಿಗೂ ಹಿಡಿಸಿತು. ಅದರ ಯಂತ್ರಗಳ ಬಿಸಿಯಿಂದ ಪಕ್ಕದ ಬಡಾವಣೆಯ ಮನೆಗಳು ಬೆಚ್ಚಗಿರುತ್ತವಂತೆ. ನಮ್ಮ ಮಕ್ಕಳ ನಗುವಿನಿಂದ ಯಾರದೋ ಬಚ್ಚಲ ನೀರು ಕಾಯುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.

ಇಲ್ಲಿ ಯಾವ ಕರಾರನ್ನೇ ಆಗಲಿ ಗಡುವಿಗೆ ಮುಂಚೆ ಪತ್ರ ಬರೆದು ರದ್ದು ಮಾಡದಿದ್ದರೆ ಇನ್ನೊಂದು ವರ್ಷ ಕೊರಳಿಗೆ ಬೀಳುತ್ತದೆ. ಆದ್ದರಿಂದ ಟೋರ್ಬೆನ್ ಮೊದಲು ಮಾಡಿದ್ದೇ ಅದು: ಬೇಸಿಗೆಗೆ ಖಾತೆ ಮುಚ್ಚಿ, ಎಲ್ಲವನ್ನೂ ಅಳಿಸಿ ಎಂದು ಅಮೆರಿಕಾದವರಿಗೆ ಬರೆದ. ಫೋಟೋ ಸಾಗಿಸಲು ಪ್ರತಿ ಮಗುವಿನ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯೂ ಬೇಕೆಂಬುದು ಅವನ ತಲೆಗೆ ಹೊಳೆದದ್ದು ಆಮೇಲೆ.

ಎಲ್ಲರೂ ಸಹಿ ಹಾಕಿದರು. ಮಾಲ್ಟೆ ಹಾಕಲಿಲ್ಲ. ಅವನೂ ಅವನ ಹೆಂಡತಿ ಆಂಕೆಯೂ ಬೇರೆಯಾಗಿದ್ದರು. ಆಂಕೆ ಮೊದಲು ಸಹಿ ಹಾಕಿದ್ದೇ ಅವನಿಗೆ ಸಾಕಾಯಿತು.

"ಅವಳು ಹೂಂ ಅಂದ್ಳಲ್ಲ, ಹಾಗಾದ್ರೆ ನಾನು ಊಹೂಂ," ಎಂದ ಗೇಟಿನ ಬಳಿ.

"ಇದು ಅವಳ ವಿಷಯ ಅಲ್ಲ ಮಾರಾಯ, ಯುರೋಪಿನ ವಿಷಯ!" ಎಂದ ಟೋರ್ಬೆನ್.

"ಯುರೋಪೇ ಬಂದು ಕೇಳಲಿ."

ಅವರ ಮಗ ಯೊಂಟೆ ಎಲ್ಲ ಗುಂಪು ಫೋಟೋಗಳ ನಟ್ಟನಡುವೆ ನಿಲ್ಲುವ ಹುಡುಗ. ಅವನ ಹೆಗಲಿಗೆ ಆತುಕೊಂಡು ನಿಲ್ಲುವವಳು ಟೋರ್ಬೆನ್‌ನ ಮಗಳು ಫೆನ್ಯಾ. ಯೊಂಟೆಯ ಫೋಟೋ ಸಾಗದಿದ್ದರೆ ಫೆನ್ಯಾಳ ಮೂರು ವರ್ಷದ ಫೋಟೋಗಳೂ ಸಾಗುವುದಿಲ್ಲ.

"ಸಹಿ ಇಲ್ದೇ ಸುಮ್ನೆ ಸಾಗಿಸಿಬಿಡೋ, ಯಾರು ನೋಡ್ತಾರೆ?" ಎಂದೆ ನಾನೇ ಟೋರ್ಬೆನ್‌ಗೆ.

ಅವನು ನನ್ನನ್ನು ಕೆಂಪು ದೀಪ ದಾಟಿದವಳಂತೆ ನೋಡಿದ. "ನಾನೇ ನೋಡ್ತೀನಲ್ಲ."

ವಸಂತವಿಡೀ ಕಂಪ್ಯೂಟರಿನ ಮುಂದೆ ಕೂತು ಪ್ರತಿ ಫೋಟೋದಲ್ಲೂ ಯೊಂಟೆಯ ಮುಖಕ್ಕೆ ಹಳದಿ ಬಿಲ್ಲೆ ಅಂಟಿಸಿ, ಬಿಲ್ಲೆಯಿದ್ದ ಪ್ರತಿಗಳನ್ನಷ್ಟೇ ಫಿನ್ಲೆಂಡಿಗೆ ಸಾಗಿಸಿದ. ಮೂಲ ಪ್ರತಿ ಇಟ್ಟುಕೊಳ್ಳುವುದೂ ನಿಯಮಕ್ಕೆ ವಿರುದ್ಧವೆಂದು ಇಟ್ಟುಕೊಳ್ಳಲಿಲ್ಲ. ಗಡುವಿನ ದಿನ ಅಮೆರಿಕಾದ ಖಾತೆ ಮುಚ್ಚಿತು. ನಾವು ಚಪ್ಪಾಳೆ ತಟ್ಟಿದೆವು.

ಬೇಸಿಗೆಯ ಹಬ್ಬಕ್ಕೆ ಅಂಗಳದಲ್ಲಿ ಸಾಸೇಜ್ ಸುಡುತ್ತ, ಗೋಡೆಯ ಮೇಲೆ ಫೋಟೋ ತೋರಿಸಿದರು. ಮಕ್ಕಳ ನಡುವೆ ಒಂದು ಹಳದಿ ಬಿಲ್ಲೆ ಜಾರುಬಂಡಿ ಆಡಿತು, ಕೇಕ್ ತಿಂದಿತು. ಫೆನ್ಯಾ ಆ ಬಿಲ್ಲೆಯನ್ನು ತಬ್ಬಿಕೊಂಡಿದ್ದಳು. ಮಾಲ್ಟೆ ಮೊದಮೊದಲು ನಕ್ಕ. ಆಮೇಲೆ ಬಿಯರ್ ಲೋಟ ಕೆಳಗಿಟ್ಟ.

"ಅದನ್ನ ತೆಗಿ. ನಾನು ಈಗಲೇ ಸಹಿ ಹಾಕ್ತೀನಿ."

"ತೆಗೆಯಕ್ಕಾಗಲ್ಲ. ಕೆಳಗೆ ಏನೂ ಇಲ್ಲ."

"ಅಂದ್ರೆ? ವಾರಕ್ಕೆರಡು ದಿನ ಸಿಗೋ ಮಗ ಕಣೋ. ಮಿಕ್ಕ ದಿನ ಅವನು ಹೇಗೆ ಇರ್ತಿದ್ದ ಅಂತ ನಾನು ಎಲ್ಲಿ ನೋಡ್ಲಿ?" ಮಾಲ್ಟೆ ಗೋಡೆಯ ಹತ್ತಿರಕ್ಕೇ ಹೋದ. "ಅಮೆರಿಕಾದವರು ಒಂದನ್ನೂ ನಿಜವಾಗಿ ಅಳಿಸಲ್ಲ ಅಂತ ನೀನೇ ಹೇಳ್ತಿದ್ಯಲ್ಲ. ಕೇಳು ಅವರನ್ನ!"

ಟೋರ್ಬೆನ್ ಕೇಳಿದ. ತನ್ನ ಮಾತು ನಿಜವಾಗಿರಲಿ ಎಂದು ಅವನು, ಅವರು ಕಳ್ಳರೇ ಆಗಿರಲಿ ಎಂದು ಆಂಕೆ, ಎಲ್ಲೋ ಒಂದು ಪ್ರತಿ ಕದ್ದಿಟ್ಟಿರಲಿ ಎಂದು ನಾವೆಲ್ಲ ಹಾರೈಸಿದೆವು. ಉತ್ತರ ವಿನಯದಿಂದಲೇ ಬಂತು: ನಿಮ್ಮ ಕೋರಿಕೆಯಂತೆ ಎಲ್ಲವನ್ನೂ ಶಾಶ್ವತವಾಗಿ ಅಳಿಸಲಾಗಿದೆ, ನಿಮ್ಮ ಖಾಸಗಿತನವನ್ನು ನಾವು ಗೌರವಿಸುತ್ತೇವೆ.

ಗೇಟಿನ ಬಳಿ ಟೋರ್ಬೆನ್ ಅದನ್ನು ಓದಿ ಹೇಳಿದಾಗ ಮಾಲ್ಟೆ ಬೈಯಲಿಲ್ಲ. ಜೇಬಿನಿಂದ ಫೋನ್ ತೆಗೆದ. "ನನ್ನ ಹತ್ರ ಒಂದಷ್ಟಿವೆ. ಯೊಂಟೆ, ಫೆನ್ಯಾ ಇಬ್ಬರೂ ಕೆಸರಲ್ಲಿ ಬಿದ್ದಿದ್ದು. ನಿಂಗೂ ಕಳಿಸ್ಲಾ?"

ಅವು ಎಲ್ಲಿ ಇವೆ, ಯಾವ ಕಂಪನಿಯ ಯಂತ್ರದಲ್ಲಿ, ಯಾವ ದೇಶದ ಕಾನೂನಿನಡಿ ಎಂದು ಟೋರ್ಬೆನ್ ಕೇಳುತ್ತಾನೆಂದು ನಾನು ಕಾದೆ. ಅವನು ಕನ್ನಡಕ ಒರೆಸಿಕೊಂಡು, "ಕಳಿಸು," ಎಂದ.